ದುಡಿಯುವ ಎತ್ತಿನ ಶಿಲ್ಪಿಗಳು

ನಮ್ಮ ನಾಡಿನ ಎತ್ತಿನ ಶಿಲ್ಪ ಎಂದೊಡನೆ ಹಳೇಬೀಡು, ಚಾಮುಂಡಿ ಬೆಟ್ಟ, ಬಸವನಗುಡಿಯ ಬಸವಣ್ಣಗಳು ನೆನಪಾಗುತ್ತವೆ. ಅವೆಲ್ಲ ಕುಳಿತ ಎತ್ತುಗಳು, ದೇವರ ವಾಹನಗಳು. ನೊಗಕ್ಕೆ ಹೆಗಲು ಕೊಡುವ ಎತ್ತನ್ನು ಮಣ್ಣಿನಲ್ಲಿ ಮಾಡಿದವರು ಬೇರೆಯವರು, ಕುಂಬಾರರು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಎಂಬ ತೋರಣ ಹರಿದು ಹದಿನೈದು ದಿನಕ್ಕೆ ಜ್ಯೇಷ್ಠದ ಅಮಾವಾಸ್ಯೆ. ಉತ್ತರ ಕರ್ನಾಟಕದಲ್ಲಿ ಅದು ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರು ಬುಟ್ಟಿಯಲ್ಲಿ ಮಣ್ಣಿನ ಎತ್ತುಗಳನ್ನಿಟ್ಟುಕೊಂಡು ಮನೆಮನೆಗೆ ಬರುತ್ತಿದ್ದರು. ಮನೆಯವರು ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದರು. ಎತ್ತಿಲ್ಲದ ಬಡವರ ಜಗಲಿಯ ಮೇಲೂ ಅಂದು ಒಂದು ಜೋಡಿ ನಿಲ್ಲುತ್ತಿತ್ತು. ನನಗೆ ಈ ಹಬ್ಬದ ದೊಡ್ಡತನ ಕಾಣುವುದು ಅಲ್ಲೇ.

ಆ ಎತ್ತನ್ನು ಕೈಯಲ್ಲಿ ಹಿಡಿದು ನೋಡಬೇಕು. ಅಂಗೈಯಷ್ಟೇ ಉದ್ದ. ಹಸಿಮಣ್ಣನ್ನು ಬಿಸಿಲಿಗೆ ಒಣಗಿಸಿದ್ದೇ ಹೊರತು ಸುಟ್ಟದ್ದಲ್ಲ, ಹಾಗಾಗಿ ಕಾಲು ಗಿಡ್ಡ, ದಪ್ಪ. ಬೆನ್ನ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಮೇಲಕ್ಕೆ ಚಿವುಟಿದರೆ ಡುಬ್ಬ, ಕತ್ತಿನ ಕೆಳಗೆ ಎಳೆದರೆ ಗಂಗೆದೊಗಲು. ಮೂಗು, ಬಾಯಿ ಇದ್ದೂ ಇಲ್ಲದಂತೆ. ಆದರೂ ಅದು ಹೋರಿಯೇ ಎಂದು ಮಗುವಿಗೂ ಗೊತ್ತಾಗುತ್ತದೆ. ಇಷ್ಟು ಕಡಿಮೆಯಲ್ಲಿ ಇಷ್ಟನ್ನು ಹೇಳುವ ಕೈಯನ್ನು ಶಿಲ್ಪಿಯ ಕೈ ಎನ್ನದೆ ಇನ್ನೇನು ಎನ್ನೋಣ?

ಈ ಡುಬ್ಬಕ್ಕೆ ಬಲು ಹಳೆಯ ಬೇರಿದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ದನಗಾಹಿಗಳು ಬಂಡೆಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಉದ್ದ ಕೊಂಬಿನ, ಡುಬ್ಬದ ದನಗಳನ್ನು ಮೂಡಿಸಿದ್ದಾರೆ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1950ರ ದಶಕದಲ್ಲಿ ಉತ್ಖನನ ಮಾಡಿದ ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಸುಟ್ಟ ಮಣ್ಣಿನ ಡುಬ್ಬದೆತ್ತುಗಳೇ ಸಿಕ್ಕವು. ಆ ಜನರು ಬಿಟ್ಟುಹೋದ ಬೂದಿದಿಬ್ಬಗಳು ಸಗಣಿ ಸುಟ್ಟು ಆದವು. ದನವೇ ಅವರ ಬದುಕಾಗಿತ್ತು.

ಈಗ ಟ್ರ್ಯಾಕ್ಟರ್ ಬಂದಿದೆ, ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಎತ್ತುಗಳೂ ಸಂತೆಗೆ ಬಂದಿವೆ. ಎಲ್ಲವೂ ಒಂದೇ ಮುಖದವು. ನನಗಂತೂ ಸಂಕಟವಾಗುತ್ತದೆ.

ಪರದೇಶದಲ್ಲಿರುವ ಕನ್ನಡಿಗರೇ, ಮಣ್ಣಿನ ಗಣಪನನ್ನು ನೀವು ಅಲ್ಲೂ ಬಿಟ್ಟಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಜೂನ್-ಜುಲೈ ಹೊತ್ತಿಗೆ ಬರುತ್ತದೆ, ನಿಮ್ಮಲ್ಲಿ ಹಲವರ ಮಕ್ಕಳಿಗೆ ಆಗ ರಜೆ. ಅವರ ಕೈಗೆ ಮಣ್ಣು ಕೊಡಿ. ಒಂಟಿ ಎತ್ತಿನಿಂದ ನೇಗಿಲು ಸಾಗದು, ಎರಡು ಮಾಡಿಸಿ. ಎದುರಿಗೆ ಒಂದು ಗೋದಲಿಯೂ ಇರಲಿ, ಮೇವಿಲ್ಲದೆ ಎತ್ತನ್ನು ನಿಲ್ಲಿಸುವ ವಾಡಿಕೆ ನಮ್ಮಲ್ಲಿಲ್ಲ.