ಸೇತುಬಂಧದ ವಹಿ

ನಮ್ಮ ಶಿಕಾರಿಪುರ, ಸೊರಬ ಸೀಮೆಗೆ ವಿದ್ಯೆ ಹೊಸದಲ್ಲ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನು ಸಾಲಾಗಿ ಹೇಳುತ್ತದೆ. ಕಲಿಕೆಯಲ್ಲಿ ಹಿಂದೆ ಬಿದ್ದವರನ್ನು ಏನು ಮಾಡುತ್ತಿದ್ದರೋ!

1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪಾಠಕ್ರಮವನ್ನು ಕಣ್ಣಾರೆ ನೋಡಿ ಬಂದು, ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭಿಸಿದರು. ಒಂದು ಮೆಟ್ಟಿಲು ಕಲಿತ ಮೇಲೆಯೇ ಮಗುವಿಗೆ ಮುಂದಿನ ಮೆಟ್ಟಿಲು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿತು. ಕೋಟೆಯವರು ನೋಡಿ ನಂಬಿದ್ದರು. ನಮ್ಮ ಕಡೆಗೆ ಅದು ಬಂದದ್ದು ಆದೇಶವಾಗಿ.

ಸುತ್ತಲಿನ ಹಳ್ಳಿ ಶಾಲೆಗಳಿಂದ 8ನೇ ತರಗತಿಗೆ ಬರುವ ಮಕ್ಕಳಿಗೆ ನಮ್ಮಲ್ಲಿ ಇದ್ದದ್ದು ವರ್ಷಾರಂಭದ ಸೇತುಬಂಧ. ಪೂರ್ವ ಪರೀಕ್ಷೆ ಮಾಡಿ, ಅಂಕ ತುಂಬಿ, ವಹಿ ಮುಚ್ಚಿ ಮೊದಲ ಪಾಠ ತೆರೆಯುತ್ತಿದ್ದೆವು. ನಾನೂ ಹಾಗೇ ಮಾಡಿದವನು. ಒಂದು ವರ್ಷ ಮಾತ್ರ ಆ ವಹಿಯನ್ನು ಮತ್ತೆ ತೆರೆದೆ. ತರಗತಿಯ ಅರ್ಧದಷ್ಟು ಮಕ್ಕಳು ಎಡವಿದ್ದು ಒಂದೇ ಕಡೆ: ಭಾಗಾಕಾರ. ಬೀಜಗಣಿತವನ್ನು ಬದಿಗಿಟ್ಟು ಮೂರು ವಾರ ಅದನ್ನೇ ಕಲಿಸಿ, ಅಂಥದೇ ಲೆಕ್ಕ ಕೊಟ್ಟು ಮತ್ತೆ ನೋಡಿದೆ. ಪಾಠಗಳು ಹಿಂದೆ ಬಿದ್ದವು, ಮೇಲಿನವರಿಂದ ಮಾತೂ ಕೇಳಬೇಕಾಯಿತು. ಆದರೆ ಅದುವರೆಗೆ ಬಾಯಿ ಬಿಡದಿದ್ದ ಕೊನೆ ಬೆಂಚಿನ ಹುಡುಗನೊಬ್ಬ ಸೀಮೆಸುಣ್ಣ ಕೇಳಿ ಬೋರ್ಡಿನ ಹತ್ತಿರ ಬಂದ.