ಹೆಬ್ಬಾಳದಲ್ಲಿ ಹೊರಳಿದ ದಾರಿ

ಹೆಬ್ಬಾಳದ ಚರಿತ್ರೆ ಕಲ್ಲಿನಲ್ಲೇ ಬರೆದಿದೆ. ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಇಲ್ಲಿ ಬೆಳಕಿಗೆ ಬಂತು. ಆಗ ಪೆರ್ಬೊಳಲ್ನಾಡು ಎನಿಸಿದ್ದ ಈ ಸೀಮೆಯ ಮೇಲೆ ದಂಡು ಬಂದಾಗ ಕಾದಾಡಿ ಮಡಿದವನು ಈ ಕಿತ್ತಯ್ಯ. ಮುಂದೆ ಈ ಸೀಮೆ ಯಲಹಂಕ ನಾಡಪ್ರಭುಗಳ ಆಳ್ವಿಕೆಗೆ ಬಂತು. ಕೆರೆ ತುಂಬಿದರೆ ಬೆಳೆ, ಬೆಳೆ ಬಂದರೆ ಬದುಕು ಎಂಬಂತೆ ಊರು ಶತಮಾನಗಳನ್ನು ಕಳೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ಹೆಬ್ಬಾಳಕ್ಕೆ ವಿದ್ಯೆ ಬಂತು. 1913ರಲ್ಲಿ ಕೃಷಿ ಶಾಲೆ, 1958ರಲ್ಲಿ ಪಶುವೈದ್ಯ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಹೀಗೆ ಬೆಳೆಯ ರೋಗಕ್ಕೂ ದನದ ರೋಗಕ್ಕೂ ಊರಲ್ಲೇ ಪಂಡಿತರು ಸಿಕ್ಕರು. ಮನುಷ್ಯರಿಗೆ ಜಡ್ಡಾದರೆ ಮಾತ್ರ ದೊಡ್ಡಾಸ್ಪತ್ರೆಗೆ ದೂರ ಹೋಗಬೇಕಿತ್ತು. ವಿಕ್ಟೋರಿಯಾ ಇದ್ದದ್ದು ಪೇಟೆಯ ಪಕ್ಕ, ಬೌರಿಂಗ್ ಇದ್ದದ್ದು ದಂಡಿನಲ್ಲಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ರೋಗಿಗಳಿಗೆ ಆ ದೂರ ಇನ್ನಷ್ಟು ಹೆಚ್ಚು.

ಆ ಊರುಗಳಿಗೆ ಹೋಗುವ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಹೆಬ್ಬಾಳದಲ್ಲಿ, 1973ರ ಜನವರಿಯಲ್ಲಿ 80 ಹಾಸಿಗೆಗಳ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಬಾಗಿಲು ತೆರೆಯಿತು. ಅದನ್ನು ಕಟ್ಟಿದ್ದು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್. ಅದರ ಹಿಂದಿದ್ದವರು ಡಾ. ಜಾಸ್ಪರ್ ಮೆಕ್‌ಫೇಲ್. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಎದೆಯ ಶಸ್ತ್ರಚಿಕಿತ್ಸಕರಾಗಿದ್ದ ಅವರು, ಹೆಸರಾದ ಆ ಕಾಲೇಜನ್ನು ಬಿಟ್ಟು ನಗರದ ಅಂಚಿನ ಊರಲ್ಲಿ ಹೊಸ ಆಸ್ಪತ್ರೆ ಕಟ್ಟಲು ನಿಂತರು. ಈ ಆಸ್ಪತ್ರೆಯ ಚರಿತ್ರೆಯಲ್ಲಿ ದಾರಿ ಹೊರಳಿದ್ದು ಅದೇ ಮೊದಲು, ಕೊನೆಯಂತೂ ಅಲ್ಲ.

ಮರುವರ್ಷ ಟೆಕ್ಸಾಸ್‌ನಿಂದ ಡಾ. ರೆಬೆಕಾ ಆ್ಯನ್ ನೇಲರ್ ಬಂದರು. ಪರದೇಶದಲ್ಲಿ ವೈದ್ಯೆಯಾಗಿ ದೇವರ ಸೇವೆ ಮಾಡಬೇಕೆಂದು ಎಳೆಯ ವಯಸ್ಸಿನಲ್ಲೇ ನಿಶ್ಚಯಿಸಿದ್ದವರು. ಶಸ್ತ್ರಚಿಕಿತ್ಸೆಯಲ್ಲಿ ಹೆಂಗಸರು ವಿರಳವಾಗಿದ್ದ ಕಾಲದಲ್ಲಿ ಅದನ್ನೇ ಕಲಿತವರು. ಹಿಡಿದ ಕತ್ತರಿಯಲ್ಲೇ ಆಯುಷ್ಯ ಕಳೆಯುವುದು ಅವರಿಗೆ ಸಾಧ್ಯವಿತ್ತು. ಆದರೆ ಆಸ್ಪತ್ರೆ ಬೇರೆಯದನ್ನೇ ಕೇಳಿತು. 1984ರಲ್ಲಿ ಆಡಳಿತದ ಹೊಣೆ ಅವರ ಹೆಗಲೇರಿತು. ಸಂಬಳ, ಔಷಧಿ, ಕಟ್ಟಡ, ಕಾನೂನು ಇವೆಲ್ಲ ಆಪರೇಷನ್ ಕೋಣೆಯಷ್ಟೇ ಅವರ ಕೆಲಸವಾದವು. ಇದನ್ನು ಕರೆಯಿಂದ ಸರಿಯುವುದೆಂದು ಕೆಲವರು ತಿಳಿಯಬಹುದು. ನನಗೆ ಇದು ಕರೆಯನ್ನು ಪೂರ್ತಿ ಕೇಳಿಸಿಕೊಂಡಿದ್ದರ ಗುರುತಾಗಿ ಕಾಣುತ್ತದೆ. ತಾನು ಕಲಿತು ಬಂದಿದ್ದು ಒಂದು, ಊರಿಗೆ ಬೇಕಾದದ್ದು ಇನ್ನೊಂದು ಆದಾಗ, ಊರಿನ ಬೇಡಿಕೆಗೆ ಮಣಿಯುವವರೇ ನಿಜವಾಗಿ ಸೇವೆಗೆ ಬಂದವರು.

ಇನ್ನೂ ದೊಡ್ಡ ತಿರುವು 1989ರದು. ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ಮಿಷನರಿಗಳಿಗೆ ವೀಸಾ ಸಿಗುವುದು ಕಷ್ಟವಾಗುತ್ತ ಬಂದಿತ್ತು. ಹೊರಗಿನವರನ್ನೇ ನೆಚ್ಚಿದ ಆಸ್ಪತ್ರೆ ಅವರು ಹೊರಟ ದಿನ ಬಾಗಿಲು ಹಾಕಬೇಕಾಗುತ್ತದೆ. ಆ ವರ್ಷ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಹೋಯಿತು. ಅಮೆರಿಕದ ಮಿಷನ್ ನಡೆಸುತ್ತಿದ್ದ ಸಂಸ್ಥೆ ಭಾರತೀಯರ ಸಂಸ್ಥೆಯಾಯಿತು. ಕಟ್ಟಿದ್ದನ್ನು ಬಿಟ್ಟುಕೊಟ್ಟ ಮೇಲೂ ನೇಲರ್ ಊರು ಬಿಡಲಿಲ್ಲ, ದುಡಿಯುತ್ತಲೇ ಇದ್ದರು. 1996ರಲ್ಲಿ ಆರಂಭವಾದ ನರ್ಸಿಂಗ್ ಶಾಲೆ ಅವರ ಹೆಸರನ್ನೇ ಹೊತ್ತಿದೆ. ಶಸ್ತ್ರಚಿಕಿತ್ಸಕಿಯ ಹೆಸರು ದಾದಿಯರ ಶಾಲೆಗೆ ಬಂದದ್ದು ತಕ್ಕುದೇ ಆಗಿದೆ. ಒಬ್ಬ ವೈದ್ಯೆಯ ಕೈಗೆ ದಿನಕ್ಕೆ ಎಷ್ಟು ರೋಗಿಗಳು ದಕ್ಕಿಯಾರು? ಅವರು ಕಲಿಸಿದ ದಾದಿಯರ ಕೈಗೆ ಸಿಗುವವರಿಗೆ ಲೆಕ್ಕವಿಲ್ಲ.

ಆಡಳಿತ ವಹಿಸಿಕೊಂಡ ವೆಲ್ಲೂರಿನ ಕಾಲೇಜು ಕೂಡ ಇಂಥದೇ ತಿರುವಿನಿಂದ ಹುಟ್ಟಿತು. ಅದನ್ನು ಕಟ್ಟಿದ ಐಡಾ ಸ್ಕಡರ್ ಮಿಷನರಿ ಮನೆತನದ ಹೆಣ್ಣುಮಗಳು. ತನಗೆ ಆ ಬದುಕು ಬೇಡವೆಂದೇ ಇದ್ದವಳು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂರು ಮನೆಯ ಗಂಡಸರು ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಹೆಂಡಂದಿರಿಗೆ ನೆರವು ಕೇಳಿ ಬಂದರು. ಗಂಡಸು ವೈದ್ಯನನ್ನು ಒಳಗೆ ಬಿಡುವ ರೂಢಿ ಅವರಲ್ಲಿರಲಿಲ್ಲ, ಐಡಾಗೆ ವೈದ್ಯ ವಿದ್ಯೆ ಗೊತ್ತಿರಲಿಲ್ಲ. ಮೂವರು ಹೆಂಗಸರೂ ಸತ್ತರು. ಅವಳು ಅಮೆರಿಕಕ್ಕೆ ಹೋಗಿ ವೈದ್ಯೆಯಾಗಿ 1900ರಲ್ಲಿ ಮರಳಿದಳು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆದಳು. ಕನ್ನಡ ನಾಡಿಗೂ ಇಂಥ ತಿರುವು ಹೊಸತಲ್ಲ. 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಬಂದ ಕಿಟೆಲ್, ಮತಪ್ರಸಾರಕ್ಕಿಂತ ಮಿಗಿಲಾಗಿ ನೆನಪಾಗಿರುವುದು 1894ರಲ್ಲಿ ಅಚ್ಚಾದ ನಿಘಂಟಿನಿಂದ.

ಇಂದಿನ ಹೆಬ್ಬಾಳ ಮೇಲ್ಸೇತುವೆಗಳ ಊರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆ ನಾಡಿನ ಮುಖ್ಯ ದಾರಿಗಳಲ್ಲೊಂದಾಯಿತು, ಅಕ್ಕಪಕ್ಕದಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಳೂ ಎದ್ದವು. ಬ್ಯಾಪ್ಟಿಸ್ಟ್ ಆಸ್ಪತ್ರೆಯೂ ಬೆಳೆದಿದೆ. ಆದರೆ ಅದರ ಕೆಲಸ ಗೋಡೆಯೊಳಗೇ ನಿಲ್ಲಲಿಲ್ಲ. ಅದರ ಸಮುದಾಯ ಆರೋಗ್ಯ ವಿಭಾಗದವರು ದೇವನಹಳ್ಳಿ ತಾಲ್ಲೂಕಿನ ಹಳ್ಳಿಗಳಿಗೂ ದೇವರಜೀವನಹಳ್ಳಿಯ ಕೊಳೆಗೇರಿಗೂ ಹೋಗುತ್ತಾರೆ. ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಆರೈಕೆಯೂ ಇಲ್ಲಿ ದಶಕಗಳಿಂದ ನಡೆದಿದೆ. ಮೊದಲು ಹಾಕಿದ ನಕ್ಷೆಗೇ ಅಂಟಿಕೊಂಡಿದ್ದರೆ ಆಸ್ಪತ್ರೆ ಇಷ್ಟು ದೂರ ಬರುತ್ತಿರಲಿಲ್ಲ.

ನಮ್ಮ ಊರುಗಳಲ್ಲಿ ಅಡಿಗಲ್ಲು ಇಟ್ಟ ದಿನವನ್ನು ಕಲ್ಲಿನಲ್ಲಿ ಕೊರೆಸುತ್ತೇವೆ, ಉದ್ಘಾಟನೆಯ ದಿನವನ್ನೂ ಕೊರೆಸುತ್ತೇವೆ. ಬಿಟ್ಟುಕೊಟ್ಟ ದಿನವನ್ನು ಕೊರೆಸುವ ರೂಢಿ ಇಲ್ಲ. ಕಟ್ಟುವುದಕ್ಕೆ ಹಣ ಬೇಕು, ಛಲ ಬೇಕು. ಕಟ್ಟಿದ್ದು ತನ್ನದೆನ್ನದೆ ನೆಲದವರ ಕೈಗೊಪ್ಪಿಸಿ, ಅವರ ಜೊತೆ ಕೆಲಸಗಾರಳಾಗಿ ಉಳಿಯುವುದಕ್ಕೆ ಅದಕ್ಕಿಂತ ದೊಡ್ಡ ಮನಸ್ಸು ಬೇಕು. ಹೆಬ್ಬಾಳದ ಚರಿತ್ರೆ ಬರೆಯುವವರು 1973ನ್ನು ಬರೆಯಲಿ, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ 1989ನ್ನೂ ಬರೆಯಲಿ.