ದಾಕ್ಷಿಣ್ಯದ ಜಾಹೀರಾತು



ಹೋದ ವಾರ ಸವಳಂಗ ರಸ್ತೆಯ ನಮ್ಮ ಮನೆಯ ಅಟ್ಟವನ್ನು ಚೊಕ್ಕಟಗೊಳಿಸುವ ಕೆಲಸಕ್ಕೆ ಕೈ ಹಾಕಿದ್ದೆ. ಧೂಳು ತುಂಬಿದ ಟ್ರಂಕಿನಲ್ಲಿ 1986ರ ನಮ್ಮ ಶಾಲೆಯ ಸ್ಮರಣ ಸಂಚಿಕೆ ಸಿಕ್ಕಿತು. ಅದರೊಳಗೆ ಮಡಿಸಿಟ್ಟ ಕೆಲವು ಕಾಗದಗಳೂ ಇದ್ದವು. ಕಾಗದಗಳ ವಿಚಾರವನ್ನು ಕೊನೆಯಲ್ಲಿ ಹೇಳುತ್ತೇನೆ.

ಸಂಚಿಕೆಯ ಅರ್ಧದಷ್ಟು ಜಾಹೀರಾತುಗಳೇ! ‘ಶುಭಾಶಯಗಳೊಂದಿಗೆ’ ಎಂಬ ತಲೆಬರಹ, ಕೆಳಗೆ ಅಂಗಡಿಯ ಹೆಸರು, ಸುತ್ತ ಹೂಬಳ್ಳಿಯ ಅಂಚು. ಅವನ್ನು ಸಂಗ್ರಹಿಸಲು ನಾನೂ ನನ್ನ ಸಹೋದ್ಯೋಗಿಯೊಬ್ಬರೂ ರಸೀದಿ ಪುಸ್ತಕ ಹಿಡಿದು ಗಾಂಧಿ ಬಜಾರು, ನೆಹರೂ ರಸ್ತೆ, ದುರ್ಗಿಗುಡಿಗಳನ್ನು ಹದಿನೈದು ದಿನ ಸುತ್ತಿದ್ದೆವು. ಜವಳಿ ವರ್ತಕರೊಬ್ಬರು ನಕ್ಕು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. “ಮೇಷ್ಟ್ರೇ, ನಿಮ್ಮ ಸಂಚಿಕೆ ನೋಡಿ ನನ್ನ ಅಂಗಡಿಗೆ ಒಬ್ಬನೂ ಬರೋದಿಲ್ಲ. ಆದರೂ ನೀವು ಮೆಟ್ಟಿಲು ಹತ್ತಿ ಬಂದಿದ್ದೀರಲ್ಲ, ಬರ್ಕೊಳ್ಳಿ ಅರ್ಧ ಪುಟ.” ಅದು ವ್ಯಾಪಾರದ ಹಣವಾಗಿರಲಿಲ್ಲ, ದಾಕ್ಷಿಣ್ಯದ ಹಣವಾಗಿತ್ತು. ಕೊಟ್ಟವರಿಗೂ ಗೊತ್ತು, ಪಡೆದ ನಮಗೂ ಗೊತ್ತು.

ಅಟ್ಟದಿಂದ ಇಳಿಯುವಷ್ಟರಲ್ಲಿ ರಜೆಗೆ ಬಂದಿದ್ದ ಮೊಮ್ಮಗ ಕೇಳಿದ: “ಅಜ್ಜಾ, ವೆಬ್‌ಸೈಟಿನಲ್ಲಿ ಜಾಹೀರಾತು ಹಾಕಿದರೆ ಹಣ ಬರುತ್ತೆ. ನೀನು ಇಷ್ಟು ವರ್ಷದಿಂದ ಬರೀತಾ ಇದ್ದೀಯ, ಯಾಕೆ ಹಾಕಿಲ್ಲ?” ಈ ಪ್ರಶ್ನೆಗೆ ಉತ್ತರವಾಗಿ ಒಂದು ಚರಿತ್ರೆಯನ್ನೂ ಒಂದು ತಪ್ಪೊಪ್ಪಿಗೆಯನ್ನೂ ಬರೆಯಬೇಕಾಗಿದೆ. ತಪ್ಪು ನನ್ನದು. ಆದರೆ ನಿಮ್ಮಲ್ಲಿ ಕೆಲವರು ಅದರಲ್ಲಿ ಅರಿಯದೆ ಪಾಲುದಾರರಾಗಿದ್ದೀರಿ.

ಮೊದಲು ಚರಿತ್ರೆ.

ಅಕ್ಷರದ ಖರ್ಚನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ಪತ್ರಿಕೆಯಷ್ಟೇ ಹಳೆಯದು. ಭಾರತದ ಮೊದಲ ಮುದ್ರಿತ ವೃತ್ತಪತ್ರಿಕೆಯನ್ನು ಜೇಮ್ಸ್ ಅಗಸ್ಟಸ್ ಹಿಕ್ಕಿ 1780ರ ಜನವರಿ 29ರಂದು ಕಲ್ಕತ್ತೆಯಲ್ಲಿ ಹೊರತಂದನು. ‘ಬೆಂಗಾಲ್ ಗೆಜೆಟ್’ ಎಂಬ ಅದರ ಹೆಸರಿಗೆ ‘ಒರಿಜಿನಲ್ ಕಲ್ಕತ್ತ ಜನರಲ್ ಅಡ್ವರ್ಟೈಸರ್’ ಎಂಬ ಬಾಲವೂ ಇತ್ತು. ಎಂದರೆ ನಮ್ಮ ದೇಶದಲ್ಲಿ ಸುದ್ದಿಯೂ ಜಾಹೀರಾತೂ ಒಂದೇ ತೊಟ್ಟಿಲಲ್ಲಿ ಆಡಿದ ಕೂಸುಗಳು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದಾಗ ಅದರ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು. ಅದರ ಸಂಪಾದಕರು ಹರ್ಮನ್ ಮೋಗ್ಲಿಂಗ್. ಗಳಗನಾಥರಾದರೋ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹೀಗೆ ಅಕ್ಷರಕ್ಕೆ ಮೂವರು ಪೋಷಕರು: ಓದುಗ, ಆಶ್ರಯದಾತ, ಜಾಹೀರಾತುದಾರ.

ಕಾಗದದ ಬೆಲೆ ಏನೆಂಬುದು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯ ಸೈರನ್ನಿನೊಂದಿಗೆ ಎದ್ದು ಮಲಗಿದ ಸಂಸಾರಗಳು ಎಷ್ಟೋ. 1980ರ ದಶಕದಲ್ಲಿ ಅಲ್ಲಿ ತಯಾರಾದ ಪತ್ರಿಕಾ ಕಾಗದದ ಮೇಲೆ ನಾಡಿನ ಸುದ್ದಿ ಅಚ್ಚಾಗುತ್ತಿತ್ತು. 2015ರ ನಂತರ ಆ ಯಂತ್ರಗಳು ಮೌನವಾದವು. ದಿನಪತ್ರಿಕೆಗೆ ಓದುಗ ಕೊಡುವ ಹಣ ಸಾಮಾನ್ಯವಾಗಿ ಅದರ ಕಾಗದ, ಮಸಿ, ಸಾಗಾಣಿಕೆಗಳಿಗೇ ಸಾಲದು. ಉಳಿದದ್ದನ್ನು ತುಂಬಿಕೊಡುವವನು ಜಾಹೀರಾತುದಾರ.

ಆ ಹಂಗು ಬೇಡವೆಂದವರೂ ಇದ್ದರು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ‘ಇಂಡಿಯನ್ ಒಪೀನಿಯನ್’ ಪತ್ರಿಕೆಗೆ ಮೊದಲು ಜಾಹೀರಾತು ತೆಗೆದುಕೊಂಡು, ಅನಂತರ ಅದನ್ನು ಕೈಬಿಟ್ಟರು. ನಮ್ಮ ಕೊನಗವಳ್ಳಿಯ ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ, ಓದುಗರ ಕಾಸಿನಿಂದಲೇ ನಡೆಯಿತು. ಅಂಥ ಎದೆಗಾರಿಕೆ ಎಲ್ಲರಿಗೂ ಎಲ್ಲಿಂದ ಬರಬೇಕು?

ಇನ್ನು ಅಂತರಜಾಲದ ಕಥೆ. 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ತಾಣದಲ್ಲಿ ಎಟಿ ಅಂಡ್ ಟಿ ದೂರವಾಣಿ ಕಂಪನಿಯ ಪಟ್ಟಿಯಾಕಾರದ ಜಾಹೀರಾತು ಕಾಣಿಸಿಕೊಂಡಿತು. ಅದು ಇಂಥ ಜಾಹೀರಾತುಗಳ ಮೊದಲ ತಂಡಕ್ಕೆ ಸೇರಿದ್ದು. ಆಗ ಜಾಗಕ್ಕೆ ಇಂತಿಷ್ಟು ಬಾಡಿಗೆ, ರಸ್ತೆ ಬದಿಯ ಫಲಕದಂತೆಯೇ. ನಮ್ಮ ಸವಳಂಗ ರಸ್ತೆಯ ರೈಲ್ವೆ ಗೇಟು ಬಿದ್ದಾಗ ಬೇಸರದಿಂದ ನಿಂತವರು ಎದುರಿನ ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತನ್ನು ಓದುತ್ತಿದ್ದರಲ್ಲ, ಅದೇ ಲೆಕ್ಕ. ಓದಿದವನು ಸಿಮೆಂಟು ಕೊಂಡನೋ ಇಲ್ಲವೋ ಬಲ್ಲವರಾರು? ಈ ಅನುಮಾನಕ್ಕೆ ಪರಿಹಾರವೆಂಬಂತೆ 1998ರಲ್ಲಿ ‘ಗೋಟು’ ಎಂಬ ಹುಡುಕು ತಾಣ ಹೊಸ ಪದ್ಧತಿಯೊಂದನ್ನು ತಂದಿತು. ನೋಡಿದ್ದಕ್ಕೆ ಹಣವಿಲ್ಲ, ಯಾರಾದರೂ ಜಾಹೀರಾತಿನ ಮೇಲೆ ಕ್ಲಿಕ್ ಮಾಡಿದರೆ ಮಾತ್ರ ಹಣ. ಪ್ರತಿಯೊಂದು ಪದಕ್ಕೂ ಹರಾಜು. ಗೂಗಲ್ 2000ದ ಅಕ್ಟೋಬರಿನಲ್ಲಿ ತನ್ನ ಜಾಹೀರಾತು ಯೋಜನೆಯನ್ನು ಆರಂಭಿಸಿ, 2002ರಲ್ಲಿ ಕ್ಲಿಕ್ ಹರಾಜಿನ ದಾರಿ ಹಿಡಿಯಿತು. 2003ರಲ್ಲಿ ‘ಅಪ್ಲೈಡ್ ಸಿಮ್ಯಾಂಟಿಕ್ಸ್’ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ಜೂನ್ ತಿಂಗಳಲ್ಲಿ ‘ಆ್ಯಡ್‌ಸೆನ್ಸ್’ ಯೋಜನೆಯನ್ನು ಸಾಮಾನ್ಯರಿಗೂ ತೆರೆಯಿತು.

ಅದರ ಕ್ರಮ ಹೀಗೆ. ತಾಣದ ಒಡೆಯನು ಕಂಪನಿ ಕೊಟ್ಟ ನಾಲ್ಕು ಸಾಲಿನ ಸಂಕೇತವನ್ನು ತನ್ನ ಪುಟದಲ್ಲಿ ಅಂಟಿಸಿಕೊಳ್ಳುತ್ತಾನೆ. ಕಂಪನಿಯ ಯಂತ್ರ ಆ ಪುಟದ ಪದಗಳನ್ನು ಓದಿ, ವಿಷಯ ಯಾವುದೆಂದು ಊಹಿಸಿ, ಆ ವಿಷಯಕ್ಕೆ ಹೆಚ್ಚು ಬೆಲೆ ಕೂಗಿದವರ ಜಾಹೀರಾತನ್ನು ರೆಪ್ಪೆ ಬಡಿಯುವಷ್ಟರಲ್ಲಿ ತಂದು ನಿಲ್ಲಿಸುತ್ತದೆ. ಬಂದ ಹಣದಲ್ಲಿ ತಾಣದ ಒಡೆಯನಿಗೆ ನೂರಕ್ಕೆ 68 ಭಾಗವೆಂದು 2010ರಲ್ಲಿ ಆ ಕಂಪನಿ ಬಹಿರಂಗಪಡಿಸಿತು. ರಸೀದಿ ಪುಸ್ತಕ ಹಿಡಿದು ಅಲೆಯಬೇಕಾಗಿಲ್ಲ, ಯಾರ ಮುಂದೆಯೂ ಹಲ್ಲು ಗಿಂಜಬೇಕಾಗಿಲ್ಲ. ಇಂಥ ಯೋಜನೆಗಳನ್ನು ಬೇರೆ ಹಲವು ಕಂಪನಿಗಳೂ ನಡೆಸಿದವು. ಮನೆಯಲ್ಲಿ ಕುಳಿತೇ ಸಂಪಾದನೆ ಎಂಬ ಮಾತು ಆಗ ಸೈಬರ್ ಕೆಫೆಗಳಲ್ಲೆಲ್ಲ ಹರಿದಾಡುತ್ತಿತ್ತು.

ಆದರೆ ಯಂತ್ರಕ್ಕೆ ಕನ್ನಡ ಓದಲು ಬರಬೇಕಲ್ಲ? ಡಾ. ಯು. ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ತಾಣವನ್ನು ತಂದಿದ್ದರು. ಆದರೆ ಆ ಕಾಲದ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುವ ಫಾಂಟುಗಳಿಂದ ನಡೆಯುತ್ತಿದ್ದವು. ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! 1991ರಿಂದಲೇ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಫಾಂಟು ಬಂದ ಮೇಲೆಯೇ ಜನಸಾಮಾನ್ಯರ ಗಣಕಗಳಲ್ಲಿ ಅದು ಕಾಣತೊಡಗಿತು. ನಮ್ಮೂರ ಹೊಳೆಯ ಹೆಸರು ಜಗತ್ತಿನ ಗಣಕಗಳೊಳಗೆ ಹರಿಯಿತೆಂದು ನಾನು ತರಗತಿಯಲ್ಲಿ ಹಿಗ್ಗಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅಕ್ಷರ ಬಂದರೂ ಹಣ ಬರಲಿಲ್ಲ. ಏಕೆಂದರೆ ಹರಾಜಿನಲ್ಲಿ ಬೆಲೆ ನಿಗದಿಯಾಗುವುದು ಓದುವವರ ಸಂಖ್ಯೆಯೊಂದರಿಂದಲೇ ಅಲ್ಲ, ಕೂಗುವವರಿಂದ. ಇಂಗ್ಲಿಷಿನ ‘ಇನ್ಷೂರೆನ್ಸ್’ ಎಂಬ ಪದಕ್ಕೆ ಜಗತ್ತಿನ ಕಂಪನಿಗಳು ಮೇಲೆ ಬಿದ್ದು ಕೂಗುತ್ತಿದ್ದವು. ಕನ್ನಡದ ‘ಅಡಿಕೆ’ಗೆ ಯಾರು ಕೂಗಬೇಕು? ಗಾಂಧಿ ಬಜಾರಿನ ವರ್ತಕರು ಆ ಹರಾಜು ಕಟ್ಟೆಗೆ ಬಂದೇ ಇರಲಿಲ್ಲ. ಆ್ಯಡ್‌ಸೆನ್ಸ್ ಒಪ್ಪುವ ಭಾಷೆಗಳ ಪಟ್ಟಿಗೆ ಹಿಂದಿ ಸೇರಿದ್ದೇ 2014ರಲ್ಲಿ. ಬಂಗಾಳಿ 2017ರಲ್ಲಿ, ತಮಿಳು ಮತ್ತು ತೆಲುಗು 2018ರಲ್ಲಿ ಸೇರಿದವು. ಕನ್ನಡದ ಸರದಿ ಬಂದದ್ದು ಅವುಗಳ ನಂತರ.

ಈಗ ತಪ್ಪೊಪ್ಪಿಗೆ.

2009ರ ಮಾತು. ತೀರ್ಥಹಳ್ಳಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಡಿಕೆ ಕೃಷಿಯ ಬಗ್ಗೆ ಒಂದು ತಾಣ ನಡೆಸುತ್ತಿದ್ದ. ಅವನ ತಂದೆ ಹೇಳುತ್ತ ಹೋಗುವುದು, ಇವನು ಬರೆಯುವುದು. ಕೊಳೆರೋಗಕ್ಕೆ ಮುನ್ನ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಹಳೆಯ ಪದ್ಧತಿ, ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ ಬೋರ್ಡೋ ದ್ರಾವಣ ಮಾಡುವ ಕ್ರಮ, ರಾಶಿ, ಬೆಟ್ಟೆ, ಸರಕು, ಗೊರಬಲುಗಳನ್ನು ಆರಿಸುವ ಬಗೆ ಎಲ್ಲವೂ ಅದರಲ್ಲಿದ್ದವು. ಸಣ್ಣ ಸಂಬಳದಲ್ಲಿ ತಾಣದ ವಾರ್ಷಿಕ ಬಾಡಿಗೆ ಕಟ್ಟುವುದು ಅವನಿಗೆ ಭಾರವಾಗಿತ್ತು. ಒಂದು ಜಾಹೀರಾತು ಯೋಜನೆಗೆ ಸೇರಿದ. ಯೋಜನೆಯ ಹೆಸರು ಬೇಡ. ಅದು ಕನ್ನಡವನ್ನು ಒಪ್ಪುತ್ತಿರಲಿಲ್ಲವಾದ್ದರಿಂದ ಅರ್ಧ ಪುಟಗಳನ್ನು ಇಂಗ್ಲಿಷಿನಲ್ಲಿ ಬರೆದ. ‘ಅರೆಕಾ ನಟ್’ ಎಂದರೆ ಯಂತ್ರಕ್ಕೇನು ತಿಳಿಯಬೇಕು? ನಟ್ಟು ಬೋಲ್ಟುಗಳ ಜಾಹೀರಾತು ತಂದು ಹಾಕಿತು! ‘ಪಾಮ್’ ಎಂದದ್ದಕ್ಕೆ ಅಂಗೈ ಮೇಲೆ ಹಿಡಿಯುವ ಕಂಪ್ಯೂಟರ್ ಬಂತು. ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಆದರೂ ಹನಿಗೂಡಿ ಹಳ್ಳವೆಂಬಂತೆ ಹಣ ಸೇರುತ್ತಿತ್ತು. ನಿಗದಿತ ಮೊತ್ತ ತುಂಬಿದರೆ ಚೆಕ್ಕು ಬರುತ್ತದೆ ಎಂದ.

ಆ ವರ್ಷದ ಗಣೇಶನ ಹಬ್ಬಕ್ಕೆ ನಮ್ಮ ಮನೆಗೆ ಬಂದಿದ್ದವರೇ, ನೆನಪಿದೆಯೇ? ಕಡುಬು ಬಡಿಸುತ್ತ ನಾನು ನಿಮಗೊಂದು ಮನೆಗೆಲಸ ಕೊಟ್ಟೆ. “ಅವನ ತಾಣದ ಜಾಹೀರಾತನ್ನು ದಿನಕ್ಕೊಂದು ಸಲ ಒತ್ತಿರಪ್ಪ. ನಿಮ್ಮ ಗಂಟೇನು ಹೋಗುತ್ತೆ? ಅವನಿಗೆ ನಾಲ್ಕು ಕಾಸು ಆಗುತ್ತೆ.” ತರಗತಿಯಲ್ಲಿ ಎಂದೂ ಮನೆಗೆಲಸ ಮಾಡದವರು ಕೂಡ ಇದನ್ನು ನಿಷ್ಠೆಯಿಂದ ಮಾಡಿದಿರಿ. ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ದಾರಿಯ ಸೈಬರ್ ಕೆಫೆಯಲ್ಲಿ ಒಬ್ಬರಾದ ಮೇಲೊಬ್ಬರು ಕುಳಿತು ಒತ್ತಿದಿರಂತೆ. ನಾನೂ ಒತ್ತಿದೆ. ಗಳಿಕೆ ಏರಿತು. ಸ್ಮರಣ ಸಂಚಿಕೆಗೆ ಜಾಹೀರಾತು ಸಂಗ್ರಹಿಸಿದಷ್ಟೇ ಪುಣ್ಯದ ಕೆಲಸವೆಂದು ಒಳಗೊಳಗೇ ಬೀಗಿದೆ.

ಮೂರನೆಯ ವಾರ ಕಂಪನಿಯಿಂದ ನಾಲ್ಕು ಸಾಲಿನ ಮಿಂಚಂಚೆ ಬಂತು. ಕ್ಲಿಕ್ಕುಗಳು ಸಿಂಧುವಲ್ಲ, ಖಾತೆಯನ್ನು ಮುಚ್ಚಲಾಗಿದೆ. ಸೇರಿದ್ದ 87 ಡಾಲರು, ಎಂದರೆ ಆಗಿನ ಲೆಕ್ಕದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ರೂಪಾಯಿ, ಕೈಬಿಟ್ಟುಹೋಯಿತು. ಒಂದೇ ಕೆಫೆಯ ವಿಳಾಸದಿಂದ ಸಾಲುಸಾಲಾಗಿ ಒತ್ತಿದ್ದು, ಒತ್ತಿದವರಾರೂ ಮಾರುವವನ ಪುಟದಲ್ಲಿ ಎರಡು ಕ್ಷಣವೂ ನಿಲ್ಲದಿದ್ದದ್ದು, ಎಲ್ಲವೂ ಯಂತ್ರದ ಲೆಕ್ಕಕ್ಕೆ ಸಿಗುವ ಸಂಗತಿಗಳು. ಯಾರು ಹೀಗೆ ಮಾಡಿರಬಹುದೆಂದು ಅವನು ನನ್ನನ್ನೇ ಕೇಳಿದ. ನಾನೆಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಡಿ ಸಾರ್, ನೀವು ಒಳ್ಳೇದಕ್ಕೇ ಹೇಳಿದ್ದು” ಎಂದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ವರ್ಷ ಬಾಡಿಗೆ ಕಟ್ಟಲಾಗದೆ ತಾಣ ನಿಂತುಹೋಯಿತು.

ಕಂಪನಿಯನ್ನು ದೂರಲು ನನಗೆ ಬಾಯಿಲ್ಲ. ಆ ನಾಲ್ಕು ಕಾಸು ಯಾರ ಜೇಬಿನದೆಂದು ನಾನು ವಿಚಾರಿಸಿಯೇ ಇರಲಿಲ್ಲ. ಅನಂತರ ಓದಿ ತಿಳಿದೆ. ಇಂಥ ಸುಳ್ಳು ಕ್ಲಿಕ್ಕುಗಳಿಗೆ ಹಣ ತೆತ್ತ ಜಾಹೀರಾತುದಾರರು ಅಮೆರಿಕದಲ್ಲಿ ದಾವೆ ಹೂಡಿದ್ದರು. ಅವರ ಮುಂದಾಳಾಗಿದ್ದುದು ಅರ್ಕನ್ಸಾ ರಾಜ್ಯದ ಒಂದು ಉಡುಗೊರೆ ಸಾಮಾನಿನ ಅಂಗಡಿ. 2006ರಲ್ಲಿ ಗೂಗಲ್ ಒಂಬತ್ತು ಕೋಟಿ ಡಾಲರಿನವರೆಗಿನ ರಾಜಿಗೆ ಒಪ್ಪಿತು. ನಾವು ಒತ್ತಿದ ಪ್ರತಿಯೊಂದು ಕ್ಲಿಕ್ಕಿಗೂ ಎಲ್ಲೋ ಒಬ್ಬ ಅಂಗಡಿಯವನು ಗಿರಾಕಿ ಬಂದನೆಂದು ನಂಬಿ ಬೆಲೆ ತೆರಬೇಕಾಗಿತ್ತು. ನಟ್ಟು ಬೋಲ್ಟು ಮಾರುವ ಆ ಅಪರಿಚಿತನೂ ಗಾಂಧಿ ಬಜಾರಿನ ನಮ್ಮ ಜವಳಿ ವರ್ತಕರಂಥವನೇ. ವ್ಯತ್ಯಾಸ ಇಷ್ಟೇ. ನಮ್ಮ ವರ್ತಕರು ತಿಳಿದು ಕೊಟ್ಟರು, ಅವನ ಜೇಬಿಗೆ ನಾವು ತಿಳಿಸದೆ ಕೈ ಹಾಕಿದೆವು. ಪರೀಕ್ಷೆಯಲ್ಲಿ ಚೀಟಿ ಹಿಡಿದು ಎಷ್ಟೋ ಮಕ್ಕಳನ್ನು ಹೊರಗೆ ನಿಲ್ಲಿಸಿದ ಮೇಷ್ಟ್ರು, ಕಡುಬು ಬಡಿಸುತ್ತ ಅದಕ್ಕಿಂತ ದೊಡ್ಡ ನಕಲನ್ನು ಕಲಿಸಿದ. ದಾಕ್ಷಿಣ್ಯವೆಂಬುದು ಕೊಡುವವನ ಸ್ವಂತ ಗಂಟಿನಿಂದ ಹೊರಡಬೇಕು. ಇನ್ನೊಬ್ಬರ ಗಂಟಿನಿಂದ ತೋರಿಸುವ ದಾಕ್ಷಿಣ್ಯಕ್ಕೆ ಬೇರೆ ಹೆಸರಿದೆ. ಅಂದು ನಾವು ತಲಾ ನೂರಿನ್ನೂರು ರೂಪಾಯಿ ಹಾಕಿದ್ದರೆ ಅವನ ವರ್ಷದ ಬಾಡಿಗೆ ಕಳೆದು ಮಿಗುತ್ತಿತ್ತು. ಆ ಸರಳ ಲೆಕ್ಕ ನನಗೆ ಹೊಳೆಯಲೇ ಇಲ್ಲ.

ಕಾಲ ಬದಲಾಗಿದೆ. 2024ರಿಂದ ಆ್ಯಡ್‌ಸೆನ್ಸ್ ಕ್ಲಿಕ್ಕಿನ ಲೆಕ್ಕ ಬಿಟ್ಟು, ಜಾಹೀರಾತು ಎಷ್ಟು ಸಲ ಕಾಣಿಸಿತೆಂಬ ಹಳೆಯ ಗೋಡೆ ಫಲಕದ ಲೆಕ್ಕಕ್ಕೇ ಮರಳಿದೆ. ಅಡುಗೆಯನ್ನೂ ಕೃಷಿಯನ್ನೂ ಕನ್ನಡದಲ್ಲೇ ತೋರಿಸಿ ಯೂಟ್ಯೂಬಿನಿಂದ ಸಂಪಾದಿಸುವವರು ಈಗ ಇದ್ದಾರೆ. ಅಂದು ಅವನು ಇಂಗ್ಲಿಷಿನ ವೇಷ ಹಾಕಬೇಕಾಯಿತು, ಇಂದಿನ ಹುಡುಗರಿಗೆ ಆ ಕಷ್ಟವಿಲ್ಲ. ಸಂತೋಷವೇ.

ಸ್ಮರಣ ಸಂಚಿಕೆಯೊಳಗಿನ ಕಾಗದಗಳು ಆ ತಾಣದವು. ಪರದೆಯ ಮೇಲೆ ಓದಿದರೆ ನನಗೆ ಕಣ್ಣು ನೋಯುತ್ತದೆಂದು ಅವನು ಕೆಲವು ಪುಟಗಳನ್ನು ಮುದ್ರಿಸಿ ತಂದುಕೊಟ್ಟಿದ್ದ. ಕೊಟ್ಟೆ ಕಟ್ಟುವ ಪದ್ಧತಿಯೂ ಸೇರಿ ಏಳು ಹಾಳೆ ಉಳಿದಿವೆ. ಮೊನ್ನೆ ಫೋನು ಮಾಡಿದೆ. “ಅಪ್ಪ ಹೇಳಿದ್ದಾ ಸಾರ್? ನನ್ನ ಹತ್ರ ಒಂದೂ ಇಲ್ಲ. ಇಟ್ಟಿರಿ, ಅಡಿಕೆ ಕೊಯ್ಲು ಮುಗಿಸಿಕೊಂಡು ಬರ್ತೀನಿ” ಎಂದ. ಬಂದಾಗ ಹಾಳೆಗಳ ಜೊತೆಗೆ ಒಂದು ಲಕೋಟೆಯನ್ನೂ ಕೊಡಬೇಕೆಂದಿದ್ದೇನೆ. ತೆಗೆದುಕೊಳ್ಳುತ್ತಾನೋ ಇಲ್ಲವೋ.

ಮೊಮ್ಮಗನಿಗೆ ಉತ್ತರ ಇಷ್ಟು: ನನ್ನ ಬರಹಗಳ ಪಕ್ಕ ಜಾಹೀರಾತು ಹಾಕಲು ನನಗೆ ಮಡಿಯಿಲ್ಲ, ಭಯವಿದೆ. ಇವನ್ನು ಓದುವವರೆಲ್ಲ ನನ್ನ ಮೇಲೆ ಪ್ರೀತಿಯುಳ್ಳವರು. ಹಾಕಿದ ದಿನವೇ ಒತ್ತಲು ಶುರುಮಾಡುತ್ತೀರಿ!